ಹತ್ತು ಸೀರೆ ಉದ್ದದ ಒದೆ

ಸಂಬಳದ ವಿಷಯದಲ್ಲಿ ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ನಮ್ಮದು ಯಾವಾಗಲೂ ಕಡಿಮೆ, ಬೇರೆಯವರದು ಯಾವಾಗಲೂ ಜಾಸ್ತಿ. ಬ್ಯಾಂಕಿನವರಿಗೆ ಜಾಸ್ತಿ, ಕಾಲೇಜಿನ ಲೆಕ್ಚರರುಗಳಿಗೆ ಜಾಸ್ತಿ, ಊರಿಗೆ ಯಾವಾಗಲಾದರೊಮ್ಮೆ ಬಂದು ಕಡತದ ಮೇಲೆ ಕೈ ಇಟ್ಟು ಹೋಗುವ ಆಡಿಟರುಗಳಿಗಂತೂ ಕೇಳುವುದೇ ಬೇಡ. ಹೀಗೆ ಊರಿನವರ ಸಂಬಳವನ್ನೆಲ್ಲ ಜಾಸ್ತಿ ಎಂದು ತೀರ್ಮಾನ ಮಾಡಿ ಮುಗಿದ ಮೇಲೆ ನಮಗೆ ಪರದೇಶದವರ ಸಂಬಳ ಬೇಕಾಗುತ್ತದೆ. ಅಂಥ ಒಂದು ಹೊತ್ತಿನಲ್ಲಿ, ಚಳ್ಳಕೆರೆಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ಫುಟ್‌ಬಾಲ್ ಆಟಗಾರರು ಬಂದರು. ಅವರೇ ಬರಲಿಲ್ಲ, ಪೇಪರಿನಲ್ಲಿ ಬಂದರು. ಅದು ವಿಶ್ವಕಪ್ ಫುಟ್‌ಬಾಲ್ ನಡೆದ ವರ್ಷ. ಆಟದ ಸುದ್ದಿಯ ಪಕ್ಕದಲ್ಲೇ ಯಾವನೋ ಒಬ್ಬ ಆಟಗಾರನಿಗೆ ವಾರಕ್ಕೆ ಎಷ್ಟು ಕೊಡುತ್ತಾರೆ ಎಂದು ಒಂದು ಸಣ್ಣ ಚೌಕದೊಳಗೆ ಹಾಕಿದ್ದರು. ಅದರಲ್ಲಿದ್ದ ಸೊನ್ನೆಗಳನ್ನು ನಮ್ಮ ಸಮಾಜ ವಿಜ್ಞಾನದ ಮೇಡಂ ಬೆರಳಿಟ್ಟು ಎರಡೆರಡು ಸಲ ಎಣಿಸಿದರು. ಎರಡು ಸಲಕ್ಕೆ ಎರಡು ಲೆಕ್ಕ ಬಂತು.

ಆ ದಿನ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನು. ತಿಂಗಳಿಗಲ್ಲ, ವಾರಕ್ಕೆ! ಚೆಂಡನ್ನು ಕಾಲಲ್ಲಿ ಒದೆಯುವುದಕ್ಕೆ! ಒದ್ದರೆ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಯಾರ ಹೊಟ್ಟೆ ತುಂಬುತ್ತದೆ? ಹೀಗೆ ಕೇಳಿ ಮೇಜು ಕುಟ್ಟಿದೆ. ಸರ್ಕಾರದವರು ಮಾತ್ರವಲ್ಲ, ಪ್ರಪಂಚದವರೇ ಸೇರಿ ಒಂದು ಪೇ ಕಮಿಷನ್ ಮಾಡಿ ಇವರನ್ನು ಹದ್ದುಬಸ್ತಿಗೆ ತರಬೇಕು ಎಂದೂ ಹೇಳಿದೆ. ಎಲ್ಲರೂ ಹೌದು ಹೌದು ಎಂದರು. ಗಣಿತದ ತಿಪ್ಪೇಸ್ವಾಮಿ ಒಬ್ಬರು ಮಾತ್ರ ಕಾಫಿ ಲೋಟದ ತಳ ನೋಡುತ್ತಿದ್ದರು. ಗಣಿತದ ತಿಪ್ಪೇಸ್ವಾಮಿ ಎಂದು ಯಾಕೆ ಹೇಳಬೇಕೆಂದರೆ ನಮ್ಮ ಸೀಮೆಯಲ್ಲಿ ಸುಮ್ಮನೆ ತಿಪ್ಪೇಸ್ವಾಮಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಇಲ್ಲವೇ ನಾಲ್ಕು ಜನ ತಿರುಗಿ ನೋಡುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲೇ ಮೂವರಿದ್ದರು.

"ಅಲ್ರೀ, ನೀವು ಯಾವ ಸಬ್ಜೆಕ್ಟು?" ಎಂದು ಗಣಿತದವರು ಕೇಳಿದರು. ಹನ್ನೊಂದು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತವರು ಕೇಳುವ ಪ್ರಶ್ನೆಯೇ ಅದು? ಆದರೆ ನಾನು ಮೇಜಿನ ಮೇಲಿಂದ ಕೈ ತೆಗೆದೆ. ಯಾಕೆಂದರೆ ನಾನು ಡ್ರಿಲ್ ಮೇಷ್ಟ್ರು. ಆರ್ಡರಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕ ಎಂದಿದೆ, ಊರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಅಂದರೆ ಆ ಕೋಣೆಯಲ್ಲಿ, ಬಹುಶಃ ಇಡೀ ತಾಲ್ಲೂಕಿನಲ್ಲಿ, ಚೆಂಡಿನ ಹೆಸರಿನಲ್ಲಿ ತಿಂಗಳು ತಿಂಗಳು ಸಂಬಳ ಎಣಿಸುತ್ತಿದ್ದ ಕೆಲವೇ ಮಂದಿಯಲ್ಲಿ ನಾನೊಬ್ಬ. ಇದು ಆವರೆಗೆ ನನಗೆ ಹೊಳೆದೇ ಇರಲಿಲ್ಲ ಎಂದು ಹೇಳಿದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿಯೂ ನಂಬಲಿಲ್ಲ.

"ದಿನಕ್ಕೆ ಎಷ್ಟು ಸಲ ಒದೀತೀರಿ?" ಗಣಿತದವರು ಸೀಮೆಸುಣ್ಣ ತೆಗೆದುಕೊಂಡರು.

"ಒಂದು," ಎಂದೆ. ಅದು ನಿಜ. ಆಟ ಶುರುಮಾಡಲು ಒಂದು ಒದೆ ಒದ್ದು, ಬೇವಿನ ಮರದ ಕೆಳಗೆ ಹೋಗಿ ಕೂತು, ಬೇಕಾದಾಗ ಪೀಪಿ ಊದುವುದು ನನ್ನ ಪದ್ಧತಿ.

"ಎಷ್ಟು ದೂರ ಹೋಗ್ತೈತೆ?"

"ಒಂದು ಎಂಟು ಗಜ."

ಅವರು ಕರಿಹಲಗೆಯ ಮೇಲೆ ನನ್ನ ಸಂಬಳ ಬರೆದರು, ಅದನ್ನು ಭಾಗಿಸಿದರು, ಆ ಆಟಗಾರ ಒದ್ದದ್ದು, ಓಡಿದ್ದು, ಬಿದ್ದು ಉರುಳಿದ್ದು ಎಲ್ಲವನ್ನೂ ಗಜಕ್ಕೆ ತಂದರು, ಕೊನೆಗೆ ಒಂದು ಗೆರೆ ಎಳೆದು ತೀರ್ಪು ಕೊಟ್ಟರು: "ಗಜದ ಲೆಕ್ಕದಾಗೆ ನೋಡಿದ್ರೆ ಆ ಪುಣ್ಯಾತ್ಮ ನಿಮ್ಮ ಮುಂದೆ ಕೂಲಿ ಆಳು ಕಣ್ರೀ." ಕೋಣೆ ಹಾರಿಹೋಗುವಂತೆ ನಗು. ಅಟೆಂಡರ್ ಓಬಣ್ಣ ಕೈಯಲ್ಲಿದ್ದ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಲೆಕ್ಕ ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಣಿತದ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದದ್ದನ್ನು ಡ್ರಿಲ್ ಮೇಷ್ಟ್ರು ತಪ್ಪು ಎನ್ನುವ ಹಾಗಿಲ್ಲ.

ಎಂಟೇ ಗಜ ಯಾಕೆ ಎಂದು ನೀವು ಕೇಳಬಹುದು. ಅದರ ಹಿಂದೆ ಒಂದು ತಂತ್ರಜ್ಞಾನ ಇದೆ. ನಮ್ಮ ಶಾಲೆಯ ಮೈದಾನಕ್ಕೆ ಒಂದು ಕಡೆ ಕಟ್ಟಡ, ಉಳಿದ ಮೂರು ಕಡೆ ಬಳ್ಳಾರಿ ಜಾಲಿ. ಅದನ್ನು ಯಾರೂ ನೆಟ್ಟಿಲ್ಲ, ಯಾರೂ ನೀರು ಹಾಕಿಲ್ಲ, ಮಳೆ ಬರಲಿ ಬಿಡಲಿ ಅದು ಹಸಿರಾಗಿ ನಿಂತಿರುತ್ತದೆ. ಕಾಂಪೌಂಡಿಗೆ ಹಣ ಮಂಜೂರಾಗದ ಶಾಲೆಗೆ ದೇವರೇ ಕೊಟ್ಟ ಕಾಂಪೌಂಡು ಅದು. ಆದರೆ ಅದರ ಮುಳ್ಳು ಬೆರಳುದ್ದ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊಸ ಹುರುಪಿನಲ್ಲಿ, ನಾನು ಮೂರು ಚೆಂಡುಗಳನ್ನು ಆ ಜಾಲಿಗೆ ಅರ್ಪಿಸಿದೆ. ಚೆಂಡು ಒಳಗೆ ಹೋಗುವುದು ಮಾತ್ರ ಕಾಣುತ್ತಿತ್ತು, ಆಮೇಲೆ 'ಟುಸ್' ಎಂದು ಒಂದು ಶಬ್ದ. ನಾಲ್ಕನೆಯ ಚೆಂಡು ಬೇಕೆಂದು ಬರೆದ ಕಾಗದಕ್ಕೆ, ಮೊದಲಿನ ಮೂರು ಏನಾದವು ಎಂದು ವಿವರಣೆ ಕೇಳಿ ಉತ್ತರ ಬಂತು. ಜಾಲಿ ತಿಂದಿತು ಎಂದು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯುವುದೋ ತಿಳಿಯದೆ ನಾನು ಸುಮ್ಮನಾದೆ.

ಆಗ ನನ್ನನ್ನು ಕಾಪಾಡಿದವರು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಸಾಬರು. ಆ ಮೂರರಲ್ಲಿ ಕೊಂಚ ಚೆನ್ನಾಗಿದ್ದ ಒಂದು ಚೆಂಡಿಗೆ ಪಂಚರ್ ಹಾಕಿಸಲು ಹೋದಾಗಲೆಲ್ಲ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರಾಗೆ ಗಾಳಿಗಿಂತ ಪ್ಯಾಚೇ ಜಾಸ್ತಿ ಐತಲ್ಲ ಸಾರ್" ಎನ್ನುತ್ತಿದ್ದರು. ಒಂದು ದಿನ ಪಂಪನ್ನು ಕೆಳಗಿಟ್ಟು, "ಪೂರಾ ಗಾಳಿ ಹೊಡೆದ್ರೆ ಅದು ಜಾಲಿಗೆ ಹೋಗೇ ಹೋಗ್ತೈತೆ. ಅರ್ಧ ಹಾಕ್ರಿ. ಹೋಗೋದೇ ಬ್ಯಾಡ, ಎಲ್ಲಿ ಐತೋ ಅಲ್ಲೇ ಇರ್ಲಿ" ಎಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಅರ್ಧ ಗಾಳಿಯ ಫುಟ್‌ಬಾಲ್ ಜಾರಿಗೆ ಬಂತು. ಹೆಬ್ಬೆರಳಿಂದ ಒತ್ತಿದರೆ ಚೆಂಡು ಒಳಗೆ ಹೋಗಿ ಅಲ್ಲೇ ನಿಲ್ಲಬೇಕು, ಅದು ಅಳತೆ. ಅಂಥ ಚೆಂಡು ಪುಟಿಯುವುದಿಲ್ಲ, ಮುದ್ದೆಯ ಹಾಗೆ ಬಿದ್ದಲ್ಲೇ ಕೂರುತ್ತದೆ. ಅದನ್ನು ಎಂಟು ಗಜ ಅಲುಗಿಸಬೇಕೆಂದರೆ ಹಿಂದಕ್ಕೆ ಹೋಗಿ, ಓಡಿ ಬಂದು, ಸೊಂಟದಿಂದ ಕಾಲೆತ್ತಿ, ಜನ್ಮದ ಸಿಟ್ಟನ್ನೆಲ್ಲ ಸೇರಿಸಿ ಒದೆಯಬೇಕು. ನಾನು ದಿನಾ ಹಾಗೆ ಒದ್ದೆ. ಹತ್ತು ವರ್ಷ ಒಂದೇ ಚೆಂಡು. ಒಮ್ಮೆ ನಮ್ಮ ಹೆಡ್‌ಮಾಸ್ಟರು ಸಭೆಯಲ್ಲಿ ನನ್ನ ಮಿತವ್ಯಯವನ್ನು ಹೊಗಳಿದ್ದೂ ಉಂಟು. ಮಕ್ಕಳಿಗೆ ಫುಟ್‌ಬಾಲ್ ಬಂತೇ ಎಂದು ಮಾತ್ರ ಅವರು ಕೇಳಲಿಲ್ಲ.

ಕರಿಹಲಗೆಯ ಆ ಲೆಕ್ಕವನ್ನು ಓಬಣ್ಣ ಮೂರು ದಿನ ಒರೆಸಲಿಲ್ಲ. ಅದೂ ಹೋಗಲಿ, ನನಗೆ ನಿಜವಾದ ಕಷ್ಟ ಬಂದದ್ದು ಅಲ್ಲಿಂದಲ್ಲ, ಮೊಳಕಾಲ್ಮೂರಿನಿಂದ. ಅದು ನನ್ನ ಹೆಂಡತಿ ಸರೋಜಳ ತವರು. ನನ್ನ ಮಾವ ಅಲ್ಲಿ ರೇಷ್ಮೆ ಸೀರೆ ನೇಯುವವರು. ಮನೆಯ ನಡುಮನೆಯಲ್ಲೇ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಕೈ ಲಾಳಿ ಓಡಿಸುತ್ತದೆ, ಕಾಲು ಕೆಳಗಿನ ಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತದೆ. ಬೆಳಕು ಹರಿದಾಗ ಇಳಿದರೆ ಬೆಳಕು ಹೋದಾಗ ಏಳುವುದು. ನಲವತ್ತು ವರ್ಷದಿಂದ ಹೀಗೆ. ಒಂದು ಸೀರೆಗೆ ಹದಿನೈದು ದಿನ, ಕೂಲಿ ಸೀರೆಯ ಲೆಕ್ಕಕ್ಕೆ. ಗುಂಡಿಯಿಂದ ಮೇಲೆದ್ದ ಮೇಲೆ ಅವರು ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಲ್ಲುತ್ತಾರೆ, ಆಮೇಲೆ ನಡೆಯುತ್ತಾರೆ. ನಾನು ಮೊದಲ ಸಲ ನೋಡಿದಾಗ ದೇವರಿಗೆ ಕೈಮುಗಿಯುತ್ತಿದ್ದಾರೆ ಎಂದುಕೊಂಡೆ. ಕಾಲಿಗೆ ರಕ್ತ ಇಳಿಯಲೆಂದು ನಿಲ್ಲುವುದು ಎಂದು ಸರೋಜ ಹೇಳಿದಳು.

ನಮ್ಮ ಮದುವೆಯ ಮಾತುಕತೆಯಲ್ಲಿ ಹುಡುಗ ಮೇಷ್ಟ್ರು ಎಂದಷ್ಟೇ ಹೇಳಿದ್ದರು. ಅದು ಸುಳ್ಳಲ್ಲ. ಮಾವ ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಪಾಠ ಮಾಡ್ತೀರಿ?" ಎಂದು ಕೇಳಿದಾಗ ನಾನು "ಎಲ್ಲಾನೂ" ಎಂದೆ. ಅದು ಸುಳ್ಳು. ಮದುವೆಯಾಗಿ ಆರು ತಿಂಗಳಿಗೆ, ಸರೋಜ ತವರಿಗೆ ಹೋದಾಗ ನಾನು ಡ್ರಿಲ್ ಮೇಷ್ಟ್ರು ಎಂದು ಬಾಯಿಬಿಟ್ಟಳು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಲಾಳಿ ಕೆಳಗಿಟ್ಟು, "ಆಟ ಆಡ್ಸೋಕೆ ಸರ್ಕಾರ ಸಂಬಳ ಕೊಡ್ತೈತಾ?" ಎಂದರಂತೆ. ಅತ್ತೆ ಆಂಧ್ರದ ಕಡೆಯವರು, ಯಾರಿಗಾದರೂ ಸಮಾಧಾನ ಹೇಳಬೇಕಾದರೆ ತೆಲುಗಿಗೆ ಇಳಿಯುತ್ತಾರೆ. "ಪೋನೀಲೇ," ಹೋಗಲಿ ಬಿಡು, ಎಂದರಂತೆ. ಆಮೇಲಿನ ಏಳು ವರ್ಷ, ಹಬ್ಬಕ್ಕೆ ಹೋದಾಗಲೆಲ್ಲ, ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮಾವ ಒಂದೇ ಮಾತು ಹೇಳುತ್ತಿದ್ದರು: "ಒಂದ್ಸಲ ನೋಡ್ಬೇಕು ಮೇಷ್ಟ್ರೇ, ನಿಮ್ ಕೆಲ್ಸ." ಅದರಲ್ಲಿ ವ್ಯಂಗ್ಯ ಒಂದು ಚೂರೂ ಇರುತ್ತಿರಲಿಲ್ಲ. ಸುಮ್ಮನೆ ಆಶ್ಚರ್ಯ. ಅವರ ಆಶ್ಚರ್ಯ ಗಣಿತದವರ ಕರಿಹಲಗೆಗಿಂತ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಆ ವರ್ಷದ ಶಿಕ್ಷಕರ ದಿನಾಚರಣೆಗೆ ಮೊಳಕಾಲ್ಮೂರಿನ ಒಂದು ಹೈಸ್ಕೂಲಿನ ಮೇಷ್ಟ್ರುಗಳಿಗೂ ನಮ್ಮ ಮೇಷ್ಟ್ರುಗಳಿಗೂ ಒಂದು ಪಂದ್ಯ ಏರ್ಪಾಡಾಯಿತು. ಕ್ರಿಕೆಟ್ ಎಂದರೆ ದಿನವೆಲ್ಲ ಬೇಕು, ಕಬಡ್ಡಿ ಎಂದರೆ ಮೂಳೆ ಉಳಿಯುವುದಿಲ್ಲ, ವಿಶ್ವಕಪ್ಪಿನ ಬಿಸಿ ಇನ್ನೂ ಆರಿಲ್ಲ, ಆದ್ದರಿಂದ ಫುಟ್‌ಬಾಲ್ ಎಂದು ಎರಡೂ ಕಡೆಯ ಹೆಡ್‌ಮಾಸ್ಟರುಗಳು ತೀರ್ಮಾನಿಸಿದರು. ಕ್ಯಾಪ್ಟನ್ ಯಾರು ಎಂಬುದಕ್ಕೆ ಚರ್ಚೆಯೇ ನಡೆಯಲಿಲ್ಲ. "ಸಂಬಳ ತಗೊಳ್ಳೋರು ಇವ್ರು, ಇವ್ರೇ ಆಗ್ಲಿ" ಎಂದು ಗಣಿತದ ತಿಪ್ಪೇಸ್ವಾಮಿ ಕೂತಲ್ಲಿಂದಲೇ ಹೇಳಿದರು.

ಆ ಸಂಜೆ ಮನೆಗೆ ಬಂದರೆ ಸರೋಜ ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಮನೆಗೆ ಅವಳ ತವರಿಂದ ಫೋನ್ ಬಂದಿತ್ತು. "ಅಪ್ಪ ಬರ್ತಾರಂತೆ ರೀ."

"ಎಲ್ಲಿಗೆ?"

"ನಿಮ್ ಆಟ ನೋಡೋಕೆ. ಮಗ್ಗ ಬಿಟ್ಟು ಬರ್ತಾರಂತೆ."

ಮಗ್ಗ ಬಿಟ್ಟು ಎಂಬ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ನನಗೆ ಗೊತ್ತಿದ್ದಂತೆ ಮಾವ ಹಬ್ಬವಲ್ಲದ ದಿನ, ಹಗಲು ಹೊತ್ತಿನಲ್ಲಿ, ಗುಂಡಿಯಿಂದ ಎದ್ದದ್ದು ಎರಡೇ ಸಲ. ಒಂದು ನಮ್ಮ ಮದುವೆಗೆ, ಇನ್ನೊಂದು ನಮ್ಮ ಮಗಳ ನಾಮಕರಣಕ್ಕೆ. ಒಂದು ಮಧ್ಯಾಹ್ನ ಎದ್ದರೆ ಸೀರೆ ಒಂದು ದಿನ ತಡ, ಸೀರೆ ತಡವಾದರೆ ಕೂಲಿ ತಡ. ಅಂಥವರು ಅಳಿಯ ಚೆಂಡು ಒದೆಯುವುದನ್ನು ನೋಡಲು ಬರುತ್ತಾರೆ. ಸರೋಜ ಅನ್ನ ಬಡಿಸುತ್ತಾ, ನನ್ನ ಮುಖ ನೋಡದೆ, "ಗೆಲ್ಲದಿದ್ರೂ ಪರವಾಗಿಲ್ಲ. ಏನೋ ಒಂದು ಮಾಡ್ತೀರಿ ಅಂತ ಅಪ್ಪಂಗೆ ಕಾಣ್ಬೇಕು ಅಷ್ಟೇ" ಎಂದಳು. ನಾನು ಏನೋ ಒಂದು ಮಾಡುತ್ತೇನೆ ಎಂಬ ವಿಷಯದಲ್ಲಿ ಅವಳಿಗೂ ಅನುಮಾನವಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ನಾನು ತಯಾರಿ ಮಾಡಿಕೊಂಡೆ. ನಗಬೇಡಿ, ನಿಜವಾಗಿ ಮಾಡಿಕೊಂಡೆ. ಎರಡು ಭಾನುವಾರ ಬೆಳಿಗ್ಗೆ ಯಾರೂ ಇಲ್ಲದಾಗ ಮೈದಾನಕ್ಕೆ ಹೋಗಿ, ಎರಡು ಕಲ್ಲು ನೆಟ್ಟು, ಹನ್ನೆರಡು ಗಜ ಅಳೆದು, ಅಲ್ಲಿಂದ ಚೆಂಡನ್ನು ಕಲ್ಲುಗಳ ನಡುವೆ ಒದೆದೆ. ಮೊದಲು ಕಲ್ಲಿನ ತನಕ ಮುಟ್ಟಲೇ ಇಲ್ಲ. ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಇನ್ನೂ ಸಿಟ್ಟಿನಿಂದ ಒದೆದೆ. ಎರಡನೆಯ ಭಾನುವಾರ ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೆ ಇಪ್ಪತ್ತೂ ನೇರವಾಗಿ ಕಲ್ಲುಗಳ ನಡುವೆ ಹೋಗಿ ಕೂರುತ್ತಿದ್ದವು. ಪ್ರಪಂಚದ ಯಾವ ಆಟಗಾರನೂ ಇಷ್ಟು ಖಚಿತವಾಗಿ ಒದೆಯಲಾರ ಎಂದು ನನಗೆ ಅನಿಸಿತು. ಚೆಂಡಿನಲ್ಲಿ ಅರ್ಧ ಗಾಳಿ ಇತ್ತು ಎಂಬುದು ನೆನಪಿಗೂ ಬರಲಿಲ್ಲ. ಹತ್ತು ವರ್ಷವಾದ ಮೇಲೆ ಅದು ಅರ್ಧ ಗಾಳಿ ಅಲ್ಲ, ಅದೇ ಗಾಳಿ.

ಪಂದ್ಯದ ದಿನ ಟೆಂಪೋದಲ್ಲಿ ಹೊರಟೆವು. ಬಿ.ಜಿ. ಕೆರೆಯಲ್ಲಿ ನಿಲ್ಲಿಸಿ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿಂದರು. ಆಟಕ್ಕೆ ಮೊದಲು ಹೊಟ್ಟೆ ಖಾಲಿ ಇರಬೇಕು ಎಂದು ನಾನು ಕ್ಯಾಪ್ಟನ್ ಆಗಿ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ಓಡೋದು ಹ್ಯಾಂಗ್ರೀ ಎಂದು ಹೇಳಿ ಎಲ್ಲರೂ ಇನ್ನೊಂದು ಪ್ಲೇಟು ತಗೊಂಡರು. ಮೊಳಕಾಲ್ಮೂರಿನ ಶಾಲೆಯ ಮೈದಾನದಲ್ಲಿ ಗೋಲು ಕಂಬ ನೆಟ್ಟು, ಸುಣ್ಣದ ಗೆರೆ ಹಾಕಿ, ಒಂದು ಶಾಮಿಯಾನ ಕಟ್ಟಿದ್ದರು. ಒಂದು ಗೋಲಿನ ಹಿಂದೆ ಮೋಟು ಗೋಡೆ, ಗೋಡೆಯ ಆಚೆ ಬಯಲು, ಬಯಲಿನ ಆಚೆ ನಮ್ಮ ಹಳೆಯ ಪರಿಚಯದ ಜಾಲಿ. ಶಾಮಿಯಾನದ ಮೊದಲ ಸಾಲಿನಲ್ಲಿ ಮಾವ ಕೂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವಲು. ಮದುವೆಗೆ ಬಂದ ಹಾಗೆ ಬಂದಿದ್ದರು. ಪಕ್ಕದಲ್ಲಿ ಅತ್ತೆ, ಹಿಂದಿನ ದಿನವೇ ಹೋಗಿದ್ದ ಸರೋಜ, ಅವರ ಬೀದಿಯ ಇನ್ನಿಬ್ಬರು ನೇಕಾರರು. ಎರಡು ಮಗ್ಗ ಹೆಚ್ಚಿಗೆ ನಿಂತಿದ್ದವು ನನ್ನ ದೆಸೆಯಿಂದ.

ಅವರ ಶಾಲೆಯ ಡ್ರಿಲ್ ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದವರು, ಮೀಸೆ ಇನ್ನೂ ಚಿಗುರುತ್ತಿತ್ತು. ಸಂಚಿಯಿಂದ ಹೊಸ ಚೆಂಡು ತೆಗೆದು, ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟು, "ನೋಡಿ ಸಾರ್, ಹೆಂಗೈತೆ?" ಎಂದರು. ಹೆಬ್ಬೆರಳಿಂದ ಒತ್ತಿದೆ. ಬೆರಳೇ ನೊಂದಿತು. "ಚೆನ್ನಾಗೈತೆ" ಎಂದು ವಾಪಸ್ಸು ಕೊಟ್ಟೆ. ನಾನು ಗೋಲು ಕಾಯುವ ಗೋಲಿಯಾಗಿ ನಿಂತೆ, ಯಾಕೆಂದರೆ ಗೋಲಿ ಓಡಬೇಕಾಗಿಲ್ಲ. ಆಟದ ವರ್ಣನೆ ಮಾಡುವಂಥದ್ದೇನೂ ಇಲ್ಲ. ಮಂಡಕ್ಕಿ ಮೆಣಸಿನಕಾಯಿ ತಿಂದ ಹತ್ತು ಜನ, ಹೋಳಿಗೆ ತಿಂದ ಹತ್ತು ಜನ, ನಡುವೆ ಪುಟಿಯುವ ಒಂದು ಚೆಂಡು. ಅದು ಎಲ್ಲಿ ಬಿದ್ದರೂ ಅಲ್ಲಿ ನಿಲ್ಲುತ್ತಿರಲಿಲ್ಲ, ನಮ್ಮವರಿಗೆ ಅದೇ ದೊಡ್ಡ ಸಂಕಟ. ನಮ್ಮ ಹಿಂದಿ ಮೇಷ್ಟ್ರು ಚೆಂಡಿನ ಹಿಂದೆ ಹೋದವರು ನೀರು ಕುಡಿದುಕೊಂಡು ವಾಪಸ್ಸು ಬಂದರು. ನನ್ನ ಕಡೆಗೆ ಚೆಂಡು ನಾಲ್ಕು ಸಲ ಬಂತು, ನಾಲ್ಕು ಸಲವೂ ಹೊಟ್ಟೆಗೆ ತಗುಲಿ ನಿಂತಿತು. ಅದನ್ನು ನಾನು ಕೈಯಲ್ಲೇ ಎಸೆದೆ. ಕೊನೆಯ ಗಳಿಗೆಯ ತನಕ ನನ್ನ ಕಾಲಿಗೆ ಚೆಂಡು ಒಮ್ಮೆಯೂ ಸೋಕಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ನಡುನಡುವೆ ಶಾಮಿಯಾನದ ಕಡೆ ನೋಡುತ್ತಿದ್ದೆ. ಮಾವ ಚೆಂಡನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ನಿಂತಿದ್ದೆ. ನನಗೆ ನಾಚಿಕೆಯಾಗಿ, ಕೆಲಸ ಮಾಡುವವನ ಹಾಗೆ ಕಾಣಲೆಂದು ಆ ಕಂಬದಿಂದ ಈ ಕಂಬಕ್ಕೆ ಓಡಾಡಿದೆ.

ಇನ್ನೇನು ಪೀಪಿ ಊದಬೇಕು, ಎರಡೂ ಕಡೆ ಸೊನ್ನೆ, ಆಗ ಅವರ ವಿಜ್ಞಾನದ ಮೇಷ್ಟ್ರು ತಮ್ಮ ಗೋಲಿನ ಮುಂದೆ, ಕನ್ನಡಕಕ್ಕೆ ಬರುತ್ತಿದ್ದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟರು. ಪೆನಾಲ್ಟಿ. ಅಂದರೆ ಹನ್ನೆರಡು ಗಜದಿಂದ ಒಂದು ಒದೆ, ಎದುರಿಗೆ ಅವರ ಗೋಲಿ ಒಬ್ಬ, ಒಳಗೆ ಹೋದರೆ ನಾವು ಗೆದ್ದೆವು. ನಮ್ಮವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. "ಬರ್ರೀ ಬರ್ರೀ" ಎಂದರು ಗಣಿತದ ತಿಪ್ಪೇಸ್ವಾಮಿ. ಹತ್ತಿರ ಹೋದಾಗ ನನ್ನ ಕಿವಿಯಲ್ಲಿ, "ಹನ್ನೊಂದು ವರ್ಷದ ಸಂಬಳಕ್ಕೆ ಇವತ್ತು ನ್ಯಾಯ ಒದಗಿಸ್ರೀ" ಎಂದರು. ಶಾಮಿಯಾನದಲ್ಲಿ ಮಾವ ಎದ್ದು ನಿಂತಿದ್ದರು. ಅಳಿಯನ ಕೆಲಸ ಈಗ ಶುರುವಾಗುತ್ತದೆ ಎಂದು ಅವರಿಗೆ ಯಾರೋ ಹೇಳಿರಬೇಕು.

ನನಗೆ ಭಯವಿರಲಿಲ್ಲ. ಇದನ್ನೇ ತಾನೇ ಎರಡು ಭಾನುವಾರ ಮಾಡಿದ್ದು? ಹನ್ನೆರಡೇ ಗಜ. ನಾನು ಅಭ್ಯಾಸದಂತೆ ಹಿಂದಕ್ಕೆ ಹೋದೆ. ಎಷ್ಟು ಹಿಂದಕ್ಕೆಂದರೆ ರೆಫರಿ, "ಸಾರ್, ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದರು. ಅಲ್ಲಿಂದ ಓಡಿ ಬಂದೆ, ಸೊಂಟದಿಂದ ಕಾಲೆತ್ತಿದೆ, ಕರಿಹಲಗೆಯ ಲೆಕ್ಕ, ಓಬಣ್ಣನ ನಗು, ಮೂರು ಚೆಂಡಿನ ವಿವರಣೆ ಕೇಳಿದ ಕಾಗದ ಎಲ್ಲವನ್ನೂ ಸೇರಿಸಿ ಒದೆದೆ. ಕಾಲಿಗೆ ಚೆಂಡು ತಗುಲಿದ ಕ್ಷಣದಲ್ಲೇ ತಿಳಿಯಿತು. ಮುದ್ದೆಗೆ ಒದೆಯುವ ಒದೆ ಅದು, ಕೆಳಗಿದ್ದದ್ದು ಮುದ್ದೆಯಲ್ಲ. ಚೆಂಡು ಅವರ ಗೋಲಿಯ ತಲೆಯ ಮೇಲೆ ಹೋಯಿತು, ಕಂಬದ ಮೇಲೆ ಹೋಯಿತು, ಮೋಟು ಗೋಡೆಯ ಮೇಲೆ ಹೋಯಿತು, ಬಯಲಿನ ಮೇಲೆ ಇನ್ನೂ ಹೋಗುತ್ತಲೇ ಇತ್ತು. ಅವರ ಗೋಲಿ ಕೂಡ ತಿರುಗಿ ನಿಂತು, ಹಣೆಯ ಮೇಲೆ ಕೈ ಇಟ್ಟು ನೋಡಿದ. ಆಮೇಲೆ ದೂರದಿಂದ, ಬಲು ಸಣ್ಣದಾಗಿ, ನನಗೆ ಚೆನ್ನಾಗಿ ಪರಿಚಯವಿದ್ದ ಆ ಶಬ್ದ ಕೇಳಿಸಿತು. ಟುಸ್.

ಇನ್ನೊಂದು ಚೆಂಡು ಇರಲಿಲ್ಲ. ಪಂದ್ಯ ಸಮ ಎಂದು ಸಾರಿದರು. ಆ ಹೊಸ ಡ್ರಿಲ್ ಮೇಷ್ಟ್ರು ಜಾಲಿಯ ಕಡೆಯಿಂದ, ಚಪ್ಪಟೆಯಾದ ಚೆಂಡನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಆ ಮುಖ ನನ್ನದೇ, ಹನ್ನೊಂದು ವರ್ಷದ ಹಿಂದಿನದು. ಅವರಿಗೆ ಸೈಕಲ್ ಶಾಪಿನ ಉಪಾಯ ಹೇಳಿಕೊಡಬೇಕೆಂದು ಬಾಯಿ ತೆರೆದೆ, ಯಾಕೋ ಮನಸ್ಸಾಗಲಿಲ್ಲ. ನಮ್ಮವರೆಲ್ಲ ನೀರು ಕುಡಿಯಲು ಹೋದರು. ಗಣಿತದವರೊಬ್ಬರೇ ಭುಜ ತಟ್ಟಿ, "ಗಜದ ರೇಟು ಒಂದೇ ಏಟಿಗೆ ಇಳಿಸಿಬಿಟ್ರಲ್ರೀ" ಎಂದರು. ನಾನು ಟೆಂಪೋದ ಹಿಂದೆ ಹೋಗಿ ಬೂಟಿನ ದಾರ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಮಾವನ ಮುಖ ಹೇಗೆ ನೋಡುವುದು ಎಂಬುದೊಂದೇ ಚಿಂತೆ. ನಲವತ್ತು ವರ್ಷ ಕಾಲಿಂದ ದುಡಿದ ಮನುಷ್ಯ ಮಗ್ಗ ನಿಲ್ಲಿಸಿ ಬಂದು ನೋಡಿದ್ದು ಇದನ್ನು.

ಬಗ್ಗಿ ನೋಡಿದರೆ ಶಾಮಿಯಾನದಲ್ಲಿ ಮಾವ ಇರಲಿಲ್ಲ. ಸಿಟ್ಟಾಗಿ ಮನೆಗೆ ಹೋದರೇನೋ ಎಂದುಕೊಂಡೆ. ಆಗ ಮೋಟು ಗೋಡೆಯ ಆಚೆ ಬಯಲಿನಲ್ಲಿ ಬಿಳಿ ಪಂಚೆ ಕಂಡಿತು. ಅವರು ಪಂಚೆ ಎತ್ತಿ ಕಟ್ಟಿ, ಜಾಲಿಯ ಬುಡದಿಂದ ಗೋಲಿನ ಕಡೆಗೆ, ನೆಲ ನೋಡಿಕೊಂಡು, ಒಂದೇ ಅಳತೆಯ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಜೊತೆಗೆ ಆ ಇಬ್ಬರು ನೇಕಾರರು. ಗೋಡೆಯ ಹತ್ತಿರ ನಿಂತು, ಸಂದಿಯಿಂದ ಈಚೆ ಬಂದು, ಪೆನಾಲ್ಟಿಯ ಸುಣ್ಣದ ಗುರುತಿನ ತನಕ ಬಂದು ನಿಂತರು. ತುಟಿ ಅಲುಗುತ್ತಿತ್ತು. ಏನೋ ಕೂಡಿ, ತಲೆಯಾಡಿಸಿ, ನನ್ನನ್ನು ಹುಡುಕಿಕೊಂಡು ಟೆಂಪೋದ ಕಡೆ ಬಂದರು. ಮುಖ ಅರಳಿತ್ತು.

"ಹತ್ತು ಸೀರೆ ಉದ್ದ ಮೇಷ್ಟ್ರೇ," ಎಂದರು. "ಹತ್ತು ಸೀರೆ! ಒಂದು ಮೊಳ ಜಾಸ್ತಿನೇ ಐತೆ, ಬಿಟ್ಟಿದೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾವ ಫುಟ್‌ಬಾಲ್ ಎಂಬುದನ್ನು ಅಂದೇ ಮೊದಲು ನೋಡಿದ್ದು. ಕಂಬಗಳ ನಡುವೆ ಹೋಗಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಕಣ್ಣಿಗೆ ಇಪ್ಪತ್ತು ಜನ ಮಧ್ಯಾಹ್ನವೆಲ್ಲ ಒದ್ದರು, ಯಾರ ಒದೆಯೂ ಮೈದಾನ ದಾಟಲಿಲ್ಲ. ಕೊನೆಗೆ ಎಲ್ಲರೂ ಅಳಿಯನನ್ನು ಕರೆದರು, ಅಳಿಯ ಒಂದೇ ಒದೆಗೆ ಗೋಡೆ ದಾಟಿಸಿದ, ಆಟ ಅಲ್ಲಿಗೆ ಮುಗಿಯಿತು. ಇದಕ್ಕಿಂತ ಸ್ಪಷ್ಟವಾದ ಗೆಲುವು ಬೇರೆ ಯಾವುದಿದೆ? ಜೊತೆಯಲ್ಲಿದ್ದ ನೇಕಾರರ ಕಡೆ ತಿರುಗಿ ಅವರು ಹೇಳಿದರು: "ಹತ್ತು ಸೀರೆ ಉದ್ದ ನಾನು ಹೋಗ್ಬೇಕಂದ್ರೆ, ಯುಗಾದಿಗೆ ಹಿಡಿದ್ರೆ ಗಣಪತಿ ಹಬ್ಬ ಆಗ್ತೈತೆ. ಇವ್ರು ಒಂದೇ ಸಲಕ್ಕೆ ಹೋಗ್ಬಿಟ್ರು ನೋಡ್ರಲೇ! ಸರ್ಕಾರ ಸುಮ್ನೆ ಸಂಬಳ ಕೊಡ್ತೈತಾ? ಕೊಡೋದು ಕಮ್ಮಿನೇ ಆಯ್ತು."

ನಾನು ಸರೋಜಳ ಕಡೆ ನೋಡಿದೆ. ಅವಳು ಅದೇ ಶಾಲೆಯಲ್ಲಿ ಓದಿದವಳು, ಅವಳಿಗೆ ಎಲ್ಲ ಗೊತ್ತು. ಅವಳು ಸೆರಗನ್ನು ಬಾಯಿಗೆ ಹಿಡಿದು, ಕಣ್ಣಲ್ಲೇ, ತುಟಿ ಬಿಚ್ಚಿದರೆ ನೋಡಿ ಎಂದು ಹೇಳಿದಳು. ನಾನು ತುಟಿ ಬಿಚ್ಚಲಿಲ್ಲ. ಮದುವೆಗೆ ಮೊದಲು ಮಾವನಿಗೆ ಎಲ್ಲಾನೂ ಎಂದು ಹೇಳಿದ್ದಕ್ಕಿಂತ ಈ ಸುಮ್ಮನಿರುವುದು ದೊಡ್ಡ ಸುಳ್ಳೋ ಚಿಕ್ಕ ಸುಳ್ಳೋ ನನಗೆ ತೀರ್ಮಾನಿಸಲು ಆಗಿಲ್ಲ.

ನಮ್ಮವರ ಟೆಂಪೋ ಹೊರಟಿತು, ನಾನು ಮಾವನ ಮನೆಯಲ್ಲಿ ಉಳಿದೆ. ದಾರಿಯುದ್ದಕ್ಕೂ ಜಗಲಿಗಳಿಂದ ಏನಾಯ್ತು ಎಂದು ಕೇಳಿದವರಿಗೆಲ್ಲ ಮಾವ ಹತ್ತು ಸೀರೆಯ ಲೆಕ್ಕ ಕೊಟ್ಟರು. ಆ ಬೀದಿಯಲ್ಲಿ ಆ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತಿತ್ತು, ಕೇಳಿದವರು ನನ್ನ ಕಾಲನ್ನು ಬಗ್ಗಿ ನೋಡುತ್ತಿದ್ದರು. ಮನೆಗೆ ಬಂದು ನಡುಮನೆಯಲ್ಲಿ, ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು.

"ದಿನಾ ಹಿಂಗೇ ಒದೀತೀರಾ?" ಎಂದು ಮಾವ ಕೇಳಿದರು.

"ದಿನಕ್ಕೆ ಒಂದು" ಎಂದೆ. ಆ ದಿನ ನಾನು ಹೇಳಿದ ಒಂದೇ ಒಂದು ನಿಜ ಅದು.

"ಒಂದು ಸಾಕು ಬಿಡ್ರಿ. ಅದಕ್ಕಿಂತ ಜಾಸ್ತಿ ಮನ್ಷಾ ಮಾಡೋಕಾಗಲ್ಲ. ಕಾಲು ಏನಾಗ್ಬೇಕು?" ಎಂದರು. ಎದ್ದು, ಎಂದಿನಂತೆ ಒಂದು ಗಳಿಗೆ ಗೋಡೆ ಹಿಡಿದು ನಿಂತು, ಒಳಗೆ ಹೋಗಿ ಒಂದು ಸಣ್ಣ ಹರಳೆಣ್ಣೆಯ ಸೀಸೆ ತಂದರು. ಬೆಚ್ಚಗೆ ಮಾಡಿ ಮೇಷ್ಟ್ರ ಕಾಲಿಗೆ ಹಚ್ಚು ಎಂದು ಮಗಳಿಗೆ ಕೊಟ್ಟರು. ನಾನು ಬೇಡ ಬೇಡ ಎಂದೆ. ಸರೋಜ ಸೀಸೆಯನ್ನು ಒಮ್ಮೆ ಎತ್ತಿ ತೋರಿಸಿದಳು. ಮುಕ್ಕಾಲು ಖಾಲಿಯಾಗಿತ್ತು. ಅದು ಮಾವನ ಮೊಣಕಾಲಿನ ಎಣ್ಣೆ, ದಿನಾ ಸಂಜೆ ಗುಂಡಿಯಿಂದ ಎದ್ದ ಮೇಲೆ ಅವರೇ ಹಚ್ಚಿಕೊಳ್ಳುವುದು. ಆ ಸಂಜೆ ಅದನ್ನೆಲ್ಲ ನನ್ನ ಬಲಗಾಲಿಗೆ ತಿಕ್ಕಿ ಮುಗಿಸಿದಳು, ನಾನು ತಲೆ ತಗ್ಗಿಸಿ ಕೂತಿದ್ದೆ.

ಈಗಲೂ ಸ್ಟಾಫ್ ರೂಮಿಗೆ ಪೇಪರು ಬರುತ್ತದೆ, ಯಾವನೋ ಆಟಗಾರನ ಹೆಸರಿನ ಮುಂದೆ ಸೊನ್ನೆಗಳು ಹೆಚ್ಚುತ್ತಲೇ ಇರುತ್ತವೆ. ಗಣಿತದ ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿ, "ಏನ್ರೀ, ಜಾಸ್ತಿ ಆಯ್ತಲ್ವಾ?" ಎಂದು ಕೆಣಕುತ್ತಾರೆ. ನಾನು ಮೇಜು ಕುಟ್ಟುವುದಿಲ್ಲ. ಆ ಆಟಗಾರನಿಗೆ ಕೊಟ್ಟದ್ದು ಜಾಸ್ತಿಯೋ ಕಮ್ಮಿಯೋ ನನಗೆ ಗೊತ್ತಿಲ್ಲ. ಒಂದು ಒದೆಗೆ ಯೋಗ್ಯತೆಗಿಂತ ಜಾಸ್ತಿ ಪಡೆದ ಆಟಗಾರ ಒಬ್ಬನನ್ನು ನಾನು ಬಲ್ಲೆ, ಅವನು ಬೇವಿನ ಮರದ ಕೆಳಗೆ ಕೂತು ಪೀಪಿ ಊದುತ್ತಾನೆ.